ಇನ್ನೊಬ್ಬರ ಬಾಯಿಯ ಅಚ್ಚು

ಬೀದಿಯವರು ಅವನಿಗೆ ಇಟ್ಟಿದ್ದ ಹೆಸರು ಮೂವತ್ತೆರಡು. ಹಲ್ಲು ಕಟ್ಟುವವನಿಗೆ ಇನ್ನೇನು ಹೆಸರಿಡುತ್ತಾರೆ? ನಿಜ ಹೇಳಬೇಕೆಂದರೆ ಪೂರ್ತಿ ಹಲ್ಲುಸೆಟ್ಟಿನಲ್ಲಿ ಇರುವುದು ಇಪ್ಪತ್ತೆಂಟೇ ಹಲ್ಲು, ಕೊನೆಯ ನಾಲ್ಕನ್ನು ಯಾರೂ ಕಟ್ಟುವುದಿಲ್ಲ. ಮೊದಮೊದಲು ಅವನು ಇದನ್ನು ಕರೆದವರಿಗೆಲ್ಲ ತಿದ್ದಿ ಹೇಳುತ್ತಿದ್ದ. ಅವರು ಹೌದಾ ಎಂದು ತಲೆಯಾಡಿಸಿ, ಮರುದಿನ ಮತ್ತೆ ಮೂವತ್ತೆರಡು ಎಂದೇ ಕರೆಯುತ್ತಿದ್ದರು. ಕೊನೆಗೆ ಅವನೇ ಸೋತು ಸುಮ್ಮನಾದ.

ಅವನು ಹಲ್ಲಿನ ಡಾಕ್ಟರಲ್ಲ. ಡಾಕ್ಟರು ಹಿಟ್ಟಿನಂಥ ಮೆತ್ತನೆಯ ಮುದ್ದೆಯನ್ನು ದವಡೆಗೆ ಒತ್ತಿ ರೋಗಿಯ ಬಾಯಿಯ ಅಳತೆ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಲ್ಯಾಬಿನಲ್ಲಿ ಆ ಅಳತೆಗೆ ಪ್ಲಾಸ್ಟರ್ ಸುರಿದು ಬಾಯಿಯ ಅಚ್ಚು ಮಾಡಬೇಕು, ಅಚ್ಚಿನ ಮೇಲೆ ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸಬೇಕು, ಡಾಕ್ಟರು ಅದನ್ನು ರೋಗಿಯ ಬಾಯಲ್ಲಿಟ್ಟು ನೋಡಿ ಸರಿ ಅಂದ ಮೇಲೆ ಮೇಣ ಕರಗಿಸಿ ಅದರ ಜಾಗಕ್ಕೆ ಗುಲಾಬಿ ಬಣ್ಣದ ಒಸಡು ತುಂಬಿ ಬೇಯಿಸಬೇಕು. ಈ ಕೆಲಸವನ್ನು ಅವನು ಇಪ್ಪತ್ತನಾಲ್ಕು ವರ್ಷ ಮಾಡಿದ್ದ. ಅಚ್ಚನ್ನು ಅಂಗೈಯಲ್ಲಿಟ್ಟು ಹೆಬ್ಬೆರಳು ಆಡಿಸಿದರೆ ಸಾಕು, ಇವರು ಹಲ್ಲು ಕಳೆದುಕೊಂಡು ಹತ್ತು ವರ್ಷವಾಯಿತು, ಇವರು ಬಲಗಡೆಯಲ್ಲೇ ಅಗಿಯುವವರು ಎಂದು ಹೇಳಿಬಿಡುತ್ತಿದ್ದ. ಸಾವಿರಾರು ಬಾಯಿಗಳ ಪರಿಚಯ ಅವನಿಗಿತ್ತು. ಆದರೆ ತಾನು ಕಟ್ಟಿದ ಹಲ್ಲು ಯಾವ ಮುಖದಲ್ಲಿ ನಗುತ್ತಿದೆ ಎಂದು ಒಂದು ದಿನವೂ ನೋಡಿದವನಲ್ಲ. ಅಚ್ಚಿನ ಬುಡದಲ್ಲಿ ಚಾಕುವಿನಿಂದ ಕೆರೆದ ನಂಬರು, ಅಷ್ಟೇ.

ಇಂಥ ಕೆಲಸ ಮಾಡುವವರೆಲ್ಲ ಕುಡಿಯುತ್ತಾರೆ ಎಂದು ಹೇಳಿದರೆ ತಪ್ಪಾಗುತ್ತದೆ. ಲ್ಯಾಬಿನಲ್ಲಿ ಅವನ ಪಕ್ಕದ ಕೆಲಸದ ಬೆಂಚಿನವನು ಇಪ್ಪತ್ತು ವರ್ಷದಿಂದ ಬರೀ ಬಿಸಿನೀರು ಕುಡಿದುಕೊಂಡು ಬದುಕಿದ್ದ. ಮೂವತ್ತೆರಡು ಕುಡಿದ. ಯಾಕೆ ಕುಡಿದ ಎಂದು ಕೇಳಿದರೆ ಅವನ ಬಳಿ ಹತ್ತು ಕಾರಣಗಳಿದ್ದವು, ಹತ್ತೂ ಕುಡಿದ ಮೇಲೆ ಹುಟ್ಟಿದವು. ಮೊದಲು ಸಂಜೆ, ಆಮೇಲೆ ಮಧ್ಯಾಹ್ನ, ಆಮೇಲೆ ಬೆಳಗ್ಗೆ ಕೈ ನಡುಗದಿರಲಿ ಎಂದು ಔಷಧಿಯ ಹಾಗೆ. ಹೆಂಡತಿ ಬೈದಳು, ಅತ್ತಳು, ಕೊನೆಗೆ ಎರಡನ್ನೂ ನಿಲ್ಲಿಸಿದಳು. ಒಂದು ದಿನ ಬಟ್ಟೆಬರೆ ಕಟ್ಟಿಕೊಂಡು ತಮ್ಮನ ಮನೆಗೆ ಹೋದಳು. ಬಾಗಿಲಲ್ಲಿ ನಿಂತು ಅವಳು ಹೇಳಿದ್ದು ಇಷ್ಟೇ: "ಹಾಲು ಒಲೆ ಮೇಲಿದೆ, ಉರಿ ಆರಿಸಿಕೊ." ಅವನು ಆರಿಸಲಿಲ್ಲ. ಸೀದ ಪಾತ್ರೆಯನ್ನು ನಾಲ್ಕು ದಿನ ಹಾಗೇ ಬಿಟ್ಟು, ಐದನೆಯ ದಿನ ಎಸೆದ.

ಕೊನೆಗೆ ಲ್ಯಾಬಿನ ಯಜಮಾನನೇ ಅವನನ್ನು ಆಟೋದಲ್ಲಿ ಹಾಕಿಕೊಂಡು ಹೋಗಿ ಕುಡಿತ ಬಿಡಿಸುವ ಆಸ್ಪತ್ರೆಗೆ ಸೇರಿಸಿದ. ಅಲ್ಲಿ ನಲವತ್ತು ದಿನ. ಮೊದಲ ವಾರ ಅವನ ಕಣ್ಣಿಗೆ ಮಾತ್ರ ಗೋಡೆಯ ಮೇಲೆ ಹರಿದಾಡಿದ ಹುಳುಗಳ ವಿಷಯ ಬೇಡ. ಎರಡನೆಯ ವಾರ ವಾರ್ಡಿನ ಆಯಾ ಅವನಿಗೆ ಗಂಜಿ ಕುಡಿಸುತ್ತಾ, "ದೇವರನ್ನ ಕೇಳ್ಕೊಳ್ಳಿ," ಎಂದಳು.

"ಕೈ ನೋಡು ಹೇಗೆ ನಡುಗ್ತಿದೆ. ಈ ಕೈಯಲ್ಲಿ ಏನಂತ ಕೇಳ್ಕೊಳ್ಳಲಿ?"

"ನಡುಗೋ ಕೈಯನ್ನೂ ಮುಗಿಯೋಕೆ ಬರುತ್ತೆ ಬಿಡಿ," ಎಂದು ಆಯಾ ಇನ್ನೊಂದು ಚಮಚ ಬಾಯಿಗಿಟ್ಟಳು.

ಅವನು ಕೇಳಿಕೊಂಡ. ಯಾವ ದೇವರು, ಯಾವ ಮಂತ್ರ ಏನೂ ಗೊತ್ತಿರಲಿಲ್ಲ, ಕಾಪಾಡು ಎಂದಷ್ಟೇ. ಕುಡಿತ ಬಿಟ್ಟುಹೋಯಿತು. ಮನೆಗೆ ಬಂದ, ಯಜಮಾನ "ಇದೇ ಕೊನೇ ಸಲ" ಎಂದು ಎಚ್ಚರಿಸಿ ಬೆಂಚು ವಾಪಸ್ ಕೊಟ್ಟ.

ಆಮೇಲೆ ನಮ್ಮ ಮೂವತ್ತೆರಡು ಸ್ವಲ್ಪ ಮೆರೆದ. ಕುಡಿತ ಬಿಟ್ಟವರೆಲ್ಲ ಶನಿವಾರ ಸಂಜೆ ಒಂದು ಹಾಲ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಸೇರುತ್ತಿದ್ದರು. ಅಲ್ಲಿ ಎದ್ದು ನಿಂತು, ದೇವರು ತನ್ನನ್ನು ಹೇಗೆ ಕೈಹಿಡಿದು ಎತ್ತಿದ ಎಂದು ಹೇಳುತ್ತಿದ್ದ. ಚೆನ್ನಾಗಿ ಹೇಳುತ್ತಿದ್ದ, ಕೇಳಿದವರು ಚಪ್ಪಾಳೆ ತಟ್ಟುತ್ತಿದ್ದರು. ವಾರದಿಂದ ವಾರಕ್ಕೆ ಅವನು ಬಿದ್ದ ಗುಂಡಿ ಆಳವಾಗುತ್ತಾ ಹೋಯಿತು, ದೇವರ ಕೈ ಉದ್ದವಾಗುತ್ತಾ ಹೋಯಿತು. ಇಷ್ಟು ಜನರಲ್ಲಿ ದೇವರು ತನ್ನನ್ನೇ ಆರಿಸಿ ಎತ್ತಬೇಕಾದರೆ ತನ್ನಲ್ಲಿ ಏನೋ ಇರಬೇಕು ಎಂಬ ಗುಮಾನಿಯೂ ಮನಸ್ಸಿನ ಮೂಲೆಯಲ್ಲಿ ಕೂತಿತ್ತು. ಸಭೆ ಮುಗಿದು ಎಲ್ಲರೂ ಅವರವರ ಮನೆಗೆ ಹೋದ ಮೇಲೆ ಅವನು ತನ್ನ ಒಂಟಿ ಕೋಣೆಗೆ ಬಂದು, ಬೀಗ ತೆಗೆದು, ಒಂದು ಲೋಟ, ಒಂದು ತಟ್ಟೆ, ಒಂದು ದಿಂಬು ಇರುವ ಆ ಕೋಣೆಯಲ್ಲಿ ಕೂತುಕೊಳ್ಳುತ್ತಿದ್ದ. ಅವನ ಫೋನಿಗೆ ಬರುತ್ತಿದ್ದದ್ದು ಕಂಪನಿಯವರ ಮೆಸೇಜುಗಳು ಮಾತ್ರ. ಹೆಂಡತಿಗೆ ಎರಡು ಸಲ ಫೋನ್ ಮಾಡಿದ. ಎರಡು ಸಲವೂ ಅವಳ ತಮ್ಮನೇ ಎತ್ತಿ, "ಅಕ್ಕನಿಗೆ ಹೇಳ್ತೀನಿ ಭಾವ," ಎಂದ. ಹೇಳಿದನೋ ಬಿಟ್ಟನೋ, ಅವಳಿಂದ ಮಾತು ಬರಲಿಲ್ಲ. ಹೀಗಾಗಿ ಅವನ ಪಾಲಿಗೆ ಉಳಿದಿದ್ದದ್ದು ಬೆಂಚು ಒಂದೇ. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು, ಸಂಜೆ ಎಲ್ಲರಿಗಿಂತ ಕೊನೆಗೆ ಹೋಗುತ್ತಿದ್ದ.

ಹತ್ತು ತಿಂಗಳು ಹೀಗೆ ನಡೆಯಿತು. ಒಂದು ದಿನ ಬೆಂಚಿನ ಕಾಲು ತೇವಕ್ಕೆ ಕೊಳೆತಿದೆಯೆಂದು ಬಡಗಿ ಬಂದ. ಬೆಂಚನ್ನು ಗೋಡೆಯಿಂದ ಈಚೆಗೆ ಎಳೆದಾಗ ಹಿಂದೆ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಒಂದು ಗಂಟು ಸಿಕ್ಕಿತು. ಬಡಗಿ ಅದನ್ನು ಕಾಲಿನಿಂದ ಇವನತ್ತ ತಳ್ಳಿದ. ಬಿಚ್ಚಿ ನೋಡಿದರೆ ಕೆಳದವಡೆಯ ಒಂದು ಅಚ್ಚು, ಮೂರು ಚೂರಾಗಿತ್ತು. ಬುಡದಲ್ಲಿ ಅವನದೇ ಕೈಬರಹ: ನಾನೂರ ಹದಿನೇಳು.

ಅವನಿಗೆ ಮೊದಲು ಏನೂ ನೆನಪಾಗಲಿಲ್ಲ. ಆಮೇಲೆ ಎಲ್ಲವೂ ನೆನಪಾಯಿತು. ಎರಡು ವರ್ಷದ ಹಿಂದಿನ ಒಂದು ಮಧ್ಯಾಹ್ನ. ಮೇಣದಲ್ಲಿ ಕೂರಿಸಿದ ಹಲ್ಲನ್ನು ಡಾಕ್ಟರು ಬಾಯಲ್ಲಿಟ್ಟು ನೋಡಿ ಸರಿಯಿದೆ ಎಂದು ಕಳಿಸಿದ್ದರು. ಬೇಯಿಸುವುದೊಂದೇ ಬಾಕಿ. ಕುಡಿದ ಕೈ, ಅಚ್ಚು ಜಾರಿ ಕೆಳಗೆ ಬಿತ್ತು. ಅಚ್ಚು ಒಡೆದರೆ ರೋಗಿಯನ್ನು ಮತ್ತೆ ಕರೆಸಿ ಅಳತೆ ತೆಗೆಸಬೇಕು, ಹಾಗೆಂದರೆ ಯಜಮಾನನಿಗೆ ಹೇಳಬೇಕು. ಅವನು ಹೇಳಲಿಲ್ಲ. ಕಪಾಟಿನಲ್ಲಿ ಹುಡುಕಿ, ಹೆಚ್ಚುಕಡಿಮೆ ಅಷ್ಟೇ ಅಗಲವಿದ್ದ ಇನ್ಯಾರದೋ ಬಾಯಿಯ ಅಚ್ಚನ್ನು ತೆಗೆದ. ಅದರ ನಂಬರನ್ನು ಕೆರೆದು ಅಳಿಸಿ ನಾನೂರ ಹದಿನೇಳು ಎಂದು ಬರೆದ. ಮೇಣವನ್ನು ಬೆಚ್ಚಗೆ ಮಾಡಿ, ಆ ಹಲ್ಲುಗಳನ್ನು ಎತ್ತಿ ಇದರ ಮೇಲೆ ಒತ್ತಿ ಕೂರಿಸಿದ. ಬೇಯಿಸಿದ. ಪಾಲಿಶ್ ಮಾಡಿದ. ಕನ್ನಡಿಯ ಹಾಗೆ ಹೊಳೆಯಿತು. ಒಡೆದ ಚೂರುಗಳನ್ನು ಪತ್ರಿಕೆಯಲ್ಲಿ ಸುತ್ತಿ ಬೆಂಚಿನ ಹಿಂದೆ ತುರುಕಿದ. ಅಂದು ಸಂಜೆ ತನ್ನ ಜಾಣತನಕ್ಕೆ ತಾನೇ ಮೆಚ್ಚಿ ಎರಡು ಪೆಗ್ಗು ಹೆಚ್ಚು ಹಾಕಿದ್ದ.

ಯಾರದೋ ಬಾಯಲ್ಲಿ ಎರಡು ವರ್ಷದಿಂದ ಇನ್ನೊಬ್ಬರ ದವಡೆಗೆ ಮಾಡಿದ ಹಲ್ಲು ಕೂತಿದೆ. ಕೆಲಸದ ಪುಸ್ತಕ ತೆಗೆದು ನೋಡಿದ. ನಾನೂರ ಹದಿನೇಳು, ಹೆಂಗಸು, ವಯಸ್ಸು ಅರವತ್ತೊಂಬತ್ತು, ಮಾರುಕಟ್ಟೆ ಹಿಂದಿನ ಕ್ಲಿನಿಕ್ಕು. ಪುಸ್ತಕ ಮುಚ್ಚಿಟ್ಟ. ಚೂರುಗಳನ್ನು ಮತ್ತೆ ಪತ್ರಿಕೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ.

ಮೂರು ದಿನ ಅವನಿಗೆ ಊಟ ಸೇರಲಿಲ್ಲ. ಹೇಳಿದರೆ ಬೆಂಚು ಹೋಗುತ್ತದೆ. ಬೆಂಚು ಹೋದರೆ ಬೆಳಗ್ಗೆ ಎದ್ದು ಎಲ್ಲಿಗೆ ಹೋಗುವುದು? ಹೋಗಲು ಜಾಗವಿಲ್ಲದ ಬೆಳಗುಗಳು ತನ್ನನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತವೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ನಾಲ್ಕನೆಯ ದಿನ ಬೆಳಗ್ಗೆ, ಮುಖಕ್ಕೆ ಸೋಪು ಹಚ್ಚಿ ಗಡ್ಡ ಕೆರೆಯುತ್ತಾ, ರೂಢಿಯಂತೆ ದೇವರ ಜೊತೆ ಮಾತಾಡತೊಡಗಿದ. ದೇವರೇ, ವಯಸ್ಸಾದವಳು, ಈಗ ಎಪ್ಪತ್ತು ದಾಟಿರಬೇಕು, ಅವಳು ಹೋಗಿಬಿಟ್ಟಿರಲಿ. ದಯವಿಟ್ಟು ಹೋಗಿಬಿಟ್ಟಿರಲಿ.

ಹೇಳಿ ಮುಗಿಸಿದ ಮೇಲೆ ತಾನು ಕೇಳಿದ್ದೇನೆಂದು ಅವನ ಕಿವಿಗೇ ಕೇಳಿಸಿತು. ಕತ್ತಿ ಹಿಡಿದ ಕೈ ಕೆನ್ನೆಯ ಮೇಲೇ ನಿಂತಿತು. ಕುಡಿದು ಮೋರಿಯಲ್ಲಿ ಬಿದ್ದಾಗಲೂ ಅವನು ಯಾರ ಸಾವನ್ನೂ ಬೇಡಿದವನಲ್ಲ. ಈಗ ಹೊಟ್ಟೆಯಲ್ಲಿ ಒಂದು ಹನಿಯಿಲ್ಲ, ಬುದ್ಧಿ ನೆಟ್ಟಗಿದೆ, ಶನಿವಾರ ಶನಿವಾರ ಚಪ್ಪಾಳೆ ಬೀಳುತ್ತಿದೆ, ಆದರೂ ತನ್ನ ಬೆಂಚು ಉಳಿಯಲಿ ಎಂದು ಮುಖ ನೋಡದ ಒಬ್ಬ ಮುದುಕಿ ಸಾಯಲಿ ಎಂದು ದೇವರನ್ನೇ ಕೇಳಿಕೊಂಡಿದ್ದ. ಅವನಲ್ಲಿ ಒಂದು ಬಾಟಲಿ ಕಡಿಮೆಯಾಗಿತ್ತು, ಮನುಷ್ಯ ಹಾಗೇ ಇದ್ದ. ಅವನು ಬಚ್ಚಲಿನ ನೆಲದ ಮೇಲೆ ಕುಸಿದು ಕೂತ. ಮುಖದ ಸೋಪು ಒಣಗಿ ಬಿಗಿಯುವವರೆಗೂ ಕೂತೇ ಇದ್ದ. ಈ ಸಲ ಕಾಪಾಡು ಎನ್ನಲೂ ಬಾಯಿ ಬರಲಿಲ್ಲ. ಯಾವ ಮುಖ ಇಟ್ಟುಕೊಂಡು ಕೇಳುವುದು?

ಅಂದೇ ಯಜಮಾನನ ಮುಂದೆ ಗಂಟು ಬಿಚ್ಚಿಟ್ಟ. ಯಜಮಾನ ಚೂರುಗಳನ್ನು ನೋಡಿದ, ಇವನನ್ನು ನೋಡಿದ, ಎದ್ದು ಹೋಗಿ ಬಾಗಿಲು ಹಾಕಿ ಬಂದ.

"ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ ಸಾರ್. ನಿಮಗೇ ಮೊದಲು."

"ನನಗೇ ಕೊನೆ ಆಗ್ಲಿ. ಎರಡು ವರ್ಷ ಆಗಿದೆ ಕಣಯ್ಯಾ. ಅವರು ಬೇರೆ ಮಾಡಿಸ್ಕೊಂಡಿರ್ತಾರೆ. ಇದನ್ನ ತಗೊಂಡೋಗಿ ಎಲ್ಲಾದ್ರೂ ಬಿಸಾಕು."

"ಮಾಡಿಸ್ಕೊಂಡಿಲ್ದೆ ಇದ್ರೆ?"

ಯಜಮಾನ ಕೆಟ್ಟವನಲ್ಲ. ಆಟೋದಲ್ಲಿ ಹಾಕಿಕೊಂಡು ಹೋದವನೂ ಅವನೇ. ಆದರೆ ಲ್ಯಾಬು ನಡೆಯುವುದು ಡಾಕ್ಟರುಗಳ ನಂಬಿಕೆಯಿಂದ. "ನೋಡು, ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಆದ್ರೆ ಡಾಕ್ಟರ ಕಿವಿಗೆ ಬಿದ್ರೆ ಆಮೇಲೆ ನಿನ್ನನ್ನ ಇಲ್ಲಿ ಇಟ್ಕೊಳ್ಳೋಕಾಗಲ್ಲ. ಇಟ್ಕೊಂಡ್ರೆ ಯಾರೂ ಕೆಲಸ ಕಳಿಸಲ್ಲ. ಯೋಚನೆ ಮಾಡು," ಎಂದ.

ಅವನು ಯೋಚನೆ ಮಾಡಿದ. ಭಾನುವಾರ ಬೆಳಗ್ಗೆ ಕ್ಲಿನಿಕ್ಕಿಗೆ ಹೋದ. ಡಾಕ್ಟರು ಇರಲಿಲ್ಲ, ಕಾಂಪೌಂಡರ್ ಬೆಂಚು ಒರೆಸುತ್ತಿದ್ದ. ನಂಬರು, ವಯಸ್ಸು ಹೇಳಿ, ಎರಡು ವರ್ಷದ ಹಿಂದೆ ಹಲ್ಲು ಕಟ್ಟಿಸಿಕೊಂಡವರು ಎಂದ ಕೂಡಲೇ, "ಓ, ಟೆಲಿಫೋನ್ ಅಮ್ಮನಾ?" ಎಂದ. "ಪಾಪ, ನಾಲ್ಕು ಸಲ ಬಂದ್ರು, ಕೆಳಗಿಂದು ಕೂರಲ್ಲ ಅಂತ. ಡಾಕ್ಟರು ಒಂದೊಂದ್ಸಲ ಸ್ವಲ್ಪ ಉಜ್ಜಿ ಕೊಟ್ರು, ಒಗ್ಗಿಕೊಳ್ಳಿ ಅಂದ್ರು. ಆಮೇಲೆ ಬರೋದೇ ಬಿಟ್ರು." ವಿಳಾಸ ಕೊಟ್ಟ.

ಮೂರನೆಯ ಮಹಡಿ. ಮೆಟ್ಟಿಲ ಕಿಟಕಿಯಲ್ಲಿ ಯಾರದೋ ಒದ್ದೆ ಚಪ್ಪಲಿಗಳು ಒಣಗುತ್ತಿದ್ದವು. ಗಂಟೆ ಒತ್ತಿದ ಮೇಲೆ ಬಹಳ ಹೊತ್ತಿಗೆ ಬಾಗಿಲು ಒಂದು ಗೇಣು ತೆರೆಯಿತು, ಚಿಲಕದ ಸರಪಳಿ ಹಾಕಿಯೇ ಇತ್ತು. ತೆಳ್ಳಗಿನ, ನೆಟ್ಟಗೆ ನಿಂತ ಮುದುಕಿ. ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದಳು. ಹುಬ್ಬಿನಿಂದಲೇ ಏನು ಎಂದು ಕೇಳಿದಳು.

ಅವನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಕೈಕೊಟ್ಟವು. "ಅಮ್ಮಾ, ನಿಮ್ಮ ಹಲ್ಲು ಕಟ್ಟಿದ್ದು ನಾನು," ಎಂದ. "ಕುಡಿದಿದ್ದೆ. ನಿಮ್ಮ ಬಾಯಿ ಅಚ್ಚು ಬೀಳಿಸಿ ಒಡೆದುಹಾಕ್ದೆ. ಇನ್ಯಾರದೋ ಅಚ್ಚಿನ ಮೇಲೆ ಕಟ್ಟಿ ಕಳಿಸ್ಬಿಟ್ಟೆ. ನಿಮ್ಮ ಬಾಯಲ್ಲಿರೋದು ನಿಮಗೆ ಮಾಡಿದ್ದಲ್ಲ."

ಬಾಗಿಲು ಮುಚ್ಚಿತು. ಅವನು ನಿಂತೇ ಇದ್ದ. ನ್ಯಾಯವೇ, ಎಂದುಕೊಂಡ. ಕೆಳಗಿಳಿಯಲು ಒಂದು ಮೆಟ್ಟಿಲು ಇಳಿದಾಗ ಸರಪಳಿ ತೆಗೆದ ಸದ್ದಾಯಿತು. ಬಾಗಿಲು ಪೂರ್ತಿ ತೆರೆಯಿತು.

"ಒಳಗೆ ಬನ್ನಿ," ಎಂದಳು. ಎರಡೇ ಮಾತಿಗೆ ಕೆಳಗಿನ ಸೆಟ್ಟು ಟಕ್ಕೆಂದು ಎದ್ದು ಬಿತ್ತು. ಅವನು ಆ ಸದ್ದನ್ನು ಮೈಮೇಲೆ ಹೊಡೆತ ಬಿದ್ದವನಂತೆ ಕೇಳಿಸಿಕೊಂಡ.

ಒಳಗೆ ಎಲ್ಲ ಓರಣವಾಗಿತ್ತು. ಗೋಡೆಯ ಮೇಲೆ ಅವಳ ಹಳೆಯ ಫೋಟೋ, ಕಿವಿಗೆ ಹೆಡ್‌ಫೋನು, ಮುಂದೆ ತಂತಿಗಳ ಬೋರ್ಡು. ಮೂವತ್ತಮೂರು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತವಳು, ಮುಖಕ್ಕಿಂತ ದನಿಯಿಂದ ಊರಿಗೆಲ್ಲ ಗೊತ್ತಿದ್ದವಳು. ಅವಳು ಕೂತಳು, ಅವನಿಗೆ ಕೂರಲು ಹೇಳಲಿಲ್ಲ. ಆಮೇಲೆ ಸೆರಗನ್ನು ಬಾಯಿಂದ ಸರಿಸದೆಯೇ ಬೈಯಲು ಶುರು ಮಾಡಿದಳು. ನೀವು ಎಂದು ಶುರುವಾದದ್ದು ಎರಡನೆಯ ವಾಕ್ಯಕ್ಕೇ ನೀನು ಆಯಿತು.

"ನನ್ನ ಬಾಯೇ ಸರಿಯಿಲ್ಲ ಅಂದ್ಕೊಂಡೆ ಕಣೋ! ಎಲ್ಲರಿಗೂ ಸರಿಯಾಗಿ ಕೂರುತ್ತೆ, ನನ್ನ ಹಣೆಬರಹ ಅಂದ್ಕೊಂಡೆ. ಮಾತಾಡಿದ್ರೆ ಟಕ್ ಟಕ್ ಅನ್ನುತ್ತೆ, ನಕ್ರೆ ಎದ್ದು ಹೊರಗೆ ಬರುತ್ತೆ. ಮದುವೆಗೆ ಹೋಗೋದು ಬಿಟ್ಟೆ. ಫೋನ್ ಎತ್ತೋದು ಬಿಟ್ಟೆ. ನನ್ನ ತಂಗಿ ಜೊತೆ ಎರಡು ವರ್ಷ ಆಯ್ತು ಮಾತಾಡಿ. ನಾನು! ದಿನಕ್ಕೆ ಸಾವಿರ ಜನರ ಜೊತೆ ಮಾತಾಡಿದವಳು ನಾನು!"

ಟಕ್ ಟಕ್ ಎನ್ನುತ್ತಲೇ ಇತ್ತು. ಸಿಟ್ಟು ನೆತ್ತಿಗೇರಿ ಅವಳು ಮೇಲಿನದನ್ನೂ ಕೆಳಗಿನದನ್ನೂ ಕಿತ್ತು ಮೇಜಿನ ಮೇಲೆ ಇಟ್ಟು, ಬೋಡುಬಾಯಲ್ಲೇ ಮುಂದುವರಿಸಿದಳು. ಅರ್ಧ ಮಾತು ಅರ್ಥವಾಗಲಿಲ್ಲ. ಅರ್ಥವಾದ ಅರ್ಧವೇ ಸಾಕಿತ್ತು. ಅವಳು ಚೆನ್ನಾಗಿ ನೀರಿಳಿಸಿದಳು. ಎರಡು ವರ್ಷದಲ್ಲಿ ಅವಳು ಒಟ್ಟಾರೆ ಅಷ್ಟು ಮಾತಾಡಿರಲಿಲ್ಲವೆಂದು ಕಾಣುತ್ತದೆ. ಮಾತು ಮುಗಿದಾಗ ಏದುಸಿರು ಬಿಡುತ್ತಿದ್ದಳು.

"ಈಗ ಯಾಕೆ ಬಂದೆ? ಯಾರೂ ಕೇಳಿರಲಿಲ್ವಲ್ಲ."

"ನೀವು ಸತ್ತಿರಲಿ ಅಂತ ದೇವರನ್ನ ಕೇಳ್ಕೊಂಡೆ ಅಮ್ಮಾ. ಆಮೇಲೆ ಇರೋಕಾಗಲಿಲ್ಲ."

ಇದನ್ನು ಹೇಳಬೇಕೆಂದು ಅವನು ಬಂದಿರಲಿಲ್ಲ. ಬಾಯಿಂದ ಬಿದ್ದುಹೋಯಿತು. ಮುದುಕಿ ಅವನನ್ನೇ ನೋಡಿದಳು. ಆಮೇಲೆ ಅವಳ ಹಲ್ಲಿಲ್ಲದ ಬಾಯಿ ಒಂದು ಕಡೆಗೆ ಸೊಟ್ಟಗಾಯಿತು, ಅವನು ಅಳು ಎಂದುಕೊಂಡ, ನೋಡಿದರೆ ನಗು.

"ಎರಡು ವರ್ಷದಿಂದ ನಾನೂ ಅದನ್ನೇ ಕೇಳ್ಕೊಳ್ತಿದೀನಿ," ಎಂದಳು. "ನಿನ್ನ ಮಾತನ್ನೂ ಕೇಳಲಿಲ್ಲ, ನನ್ನ ಮಾತನ್ನೂ ಕೇಳಲಿಲ್ಲ, ಅವನು. ಕೂತ್ಕೋ." ಅವನು ಕೂತ. ಅವಳು ಮೇಜಿನ ಮೇಲಿನ ಸೆಟ್ಟನ್ನು ಅವನ ಕಡೆಗೆ ತಳ್ಳಿದಳು. "ಇನ್ನೊಂದು ಕಟ್ಟಿಕೊಡು."

"ಬೇರೆ ಲ್ಯಾಬಲ್ಲಿ ಹೇಳ್ತೀನಿ ಅಮ್ಮಾ, ಒಳ್ಳೇ ಕೆಲಸದವರಿದಾರೆ. ನನ್ನನ್ನ ನಂಬಬೇಡಿ."

"ನಿನ್ನನ್ನ ನಂಬ್ತೀನಿ ಅಂತ ನಾನು ಯಾವಾಗ ಹೇಳ್ದೆ? ಕಟ್ಟಿಕೊಡು ಅಂದೆ."

ಸೋಮವಾರ ಅವನೇ ಹೋಗಿ ಡಾಕ್ಟರಿಗೆ ಎಲ್ಲ ಹೇಳಿದ. ಅವಳು ಹೊಸದಾಗಿ ಅಳತೆ ಕೊಟ್ಟು ಬಂದಳು. ಯಜಮಾನ ತಾನು ಹೇಳಿದಂತೆಯೇ ಅವನನ್ನು ಕೆಲಸದಿಂದ ಬಿಡಿಸಿದ, ಆದರೆ ಇದೊಂದು ಕೆಲಸ ಮುಗಿಸಿ ಹೋಗು ಎಂದು ಅವಕಾಶ ಕೊಟ್ಟ. ಮೂವತ್ತೆರಡು ತನ್ನ ಬೆಂಚಿನ ಮೇಲೆ ಕೊನೆಯ ಸೆಟ್ಟು ಕಟ್ಟಿದ. ಅಚ್ಚನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ದ. ಪಕ್ಕದ ಬೆಂಚಿನವನು ನೋಡಿ, ಮಗುವಿಗೆ ಸ್ನಾನ ಮಾಡಿಸ್ತಿದೀಯೇನೋ ಎಂದು ನಗಾಡಿದ. ಕೆಲಸ ಮುಗಿದ ದಿನ ತನ್ನ ಚಾಕುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಬೆಂಚು ಒರೆಸಿ, ಹೊರಗೆ ಬಂದ. ಯಾರೂ ಬಾಗಿಲವರೆಗೆ ಬರಲಿಲ್ಲ. ಆ ವಾರ ಶನಿವಾರದ ಸಭೆಯಲ್ಲಿ ಅವನು ಎದ್ದು ನಿಲ್ಲಲಿಲ್ಲ. ಮಾತಾಡಿ ಎಂದರೆ, ಹೇಳೋಕೇನೂ ಇಲ್ಲ, ಇವತ್ತು ಕುಡಿದಿಲ್ಲ ಅಷ್ಟೇ, ಎಂದ.

ಹತ್ತು ದಿನದ ಮೇಲೆ, ಭಾನುವಾರ ಬರಬೇಕಂತೆ ಎಂದು ಕಾಂಪೌಂಡರ್ ಕೈಲಿ ಮುದುಕಿ ಹೇಳಿಕಳಿಸಿದಳು. ಮತ್ತೇನು ಎಡವಟ್ಟಾಯಿತೋ ಎಂದು ಅವನು ಜೀವ ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿದ. ಸರಪಳಿ ಹಾಕಿರಲಿಲ್ಲ.

"ನೋಡು," ಎಂದು ಅವಳು ಬಾಯಿ ಅಗಲಿಸಿದಳು. ಅವನು ಬಗ್ಗಿ ನೋಡಿದ. ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ, ತಾನು ಕಟ್ಟಿದ ಹಲ್ಲನ್ನು ಒಂದು ಮುಖದಲ್ಲಿ ನೋಡಿದ. ಕೆಳಗಿನದು ದವಡೆಯ ಮೇಲೆ ಕದಲದೆ ಕೂತಿತ್ತು.

"ನೋವಿದೆಯಾ ಅಮ್ಮಾ?"

"ಇಲ್ಲ. ಮಾತಿಗೆ ಹೇಗಿದೆ ಅಂತ ನೋಡ್ಬೇಕು. ಅಲ್ಲಿ ಕೂತಿರು," ಎಂದು ಅವಳು ಫೋನಿನ ಮುಂದೆ ಕುರ್ಚಿ ಎಳೆದುಕೊಂಡಳು. ಯಾವ ಪುಸ್ತಕವನ್ನೂ ನೋಡದೆ ನಂಬರು ಒತ್ತಿದಳು.

ಆ ಕಡೆ ಎತ್ತಿದವಳು ತಂಗಿ. ಮೊದಲು ಎರಡೂ ಕಡೆ ಅಳು. ಆಮೇಲೆ ಆ ಕಡೆಯಿಂದ ಒಂದೇ ಸಮನೆ ಪ್ರಶ್ನೆಗಳು. ಯಾಕೆ ಮಾತಾಡಲಿಲ್ಲ, ಏನಾಗಿತ್ತು, ಯಾರು ಏನು ಮಾಡಿದರು ಎಂದೇ ಕೇಳುತ್ತಿರಬೇಕು. ಅವನು ತಲೆ ತಗ್ಗಿಸಿದ. ಈಗ ತನ್ನ ವಿಷಯ ಬರುತ್ತದೆ, ಬರಲೇಬೇಕು, ಕೇಳಿಸಿಕೊಳ್ಳುವುದಕ್ಕೇ ತಾನು ಇಲ್ಲಿ ಕೂತಿರುವುದು ಎಂದು ಮೈ ಬಿಗಿಹಿಡಿದ.

"ಏನಿಲ್ಲ ಕಣೇ," ಎಂದಳು ಮುದುಕಿ. ಒಂದು ಅಕ್ಷರವೂ ಎಡವದ, ತಿಳಿಯಾದ ದನಿ. "ಲೈನು ಕೆಟ್ಟಿತ್ತು. ಈಗ ಬಂದು ಸರಿ ಮಾಡಿಕೊಟ್ರು."

ತಂಗಿಯ ನಂತರ ನಾದಿನಿ, ನಾದಿನಿಯ ನಂತರ ಎಕ್ಸ್‌ಚೇಂಜಿನ ಹಳೆಯ ಗೆಳತಿ, ಆಮೇಲೆ ಇನ್ಯಾರೋ. ಎಲ್ಲರೂ ಅದೇ ಕೇಳಿದರು, ಎಲ್ಲರಿಗೂ ಅವಳು ಅದನ್ನೇ ಹೇಳಿದಳು. ಅವನ ತಪ್ಪನ್ನು ಅವಳು ಎತ್ತಿ ಯಾರಿಗೂ ಸೇರದ ಒಂದು ತಂತಿಯ ಮೇಲೆ ಹಾಕಿಬಿಟ್ಟಿದ್ದಳು. ಸ್ವಲ್ಪ ಹೊತ್ತಿಗೆ ಅವನು ಅಲ್ಲಿ ಕೂತಿರುವುದೂ ಅವಳಿಗೆ ಮರೆತುಹೋಯಿತು. ಅವಳು ನಗುತ್ತಿದ್ದಳು, ಯಾರಿಗೋ ಗದರುತ್ತಿದ್ದಳು, ಯಾರದೋ ಮಗಳ ಹೆರಿಗೆಯ ಸುದ್ದಿ ಬಿಡಿಸಿ ಬಿಡಿಸಿ ಕೇಳುತ್ತಿದ್ದಳು. ದೇವರು ಕ್ಷಮಿಸುವುದು ಎಂದರೆ ಹೀಗೇ ಇರಬಹುದೇ ಎಂದು ಅವನಿಗನ್ನಿಸಿತು. ಕರೆದು ಕೂರಿಸಿ ಕ್ಷಮಿಸಿದ್ದೇನೆ ಎನ್ನುವುದೇನೂ ಇಲ್ಲ, ಲೆಕ್ಕಕ್ಕೇ ಇಲ್ಲದ ಹಾಗೆ ಮರೆತು ತನ್ನ ಸಂತೋಷಕ್ಕೆ ಹೋಗಿಬಿಡುವುದು.

ನಡುವೆ ಅವಳ ಕಣ್ಣು ಅವನ ಮೇಲೆ ಬಿತ್ತು. ಫೋನಿಗೆ ಅಂಗೈ ಅಡ್ಡ ಹಿಡಿದು, "ಇನ್ನೂ ಇಲ್ಲೇ ಇದೀಯಾ? ಚೆನ್ನಾಗಿದೆ, ಹೋಗು ಹೋಗು. ಬಾಗಿಲು ಎಳ್ಕೊ," ಎಂದಳು.

ಅವನು ಹೊರಗೆ ಬಂದು ಬಾಗಿಲು ಎಳೆದುಕೊಂಡ. ನಾಳೆ ಹೋಗಲು ಕೆಲಸವಿರಲಿಲ್ಲ, ಮನೆಯಲ್ಲಿ ಕಾಯುವವರಿರಲಿಲ್ಲ, ಕಿಸೆಯ ಫೋನು ಎಂದಿನಂತೆ ಸುಮ್ಮನಿತ್ತು. ಒಳಗೆ ಅವಳು ಮತ್ತೆ ಯಾರಿಗೋ ನಂಬರು ಒತ್ತಿದಳು. "ಲೈನು ಕೆಟ್ಟಿತ್ತು ಕಣೋ," ಎಂಬುದು ಬಾಗಿಲು ದಾಟಿ ಸ್ಪಷ್ಟವಾಗಿ ಕೇಳಿಸಿತು. ಅವನು ಮೆಟ್ಟಿಲ ಮೇಲೆ ಕೂತು, ಮುಖ ಮುಚ್ಚಿಕೊಳ್ಳದೆ ಅತ್ತ.